ತುಟ್ಟಿಭತ್ಯೆ ಇಲ್ಲದವರು

ಬಿಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿಗೆ ಬಿಟ್ಟಿ ಎಂದು ಹಳೆಯ ಶಾಸನಗಳ ಕಾಲದಿಂದಲೂ ಹೆಸರು. ದುಡ್ಡು ಕೊಡದೆ ಪಡೆಯುವ ವಸ್ತುವಿಗೂ ಬಿಟ್ಟಿ ಎನ್ನುವುದು ಇನ್ನೊಂದು ರೂಢಿ. ಇವತ್ತು ಟೀವಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿಬರುವುದು ಈ ಎರಡನೆಯ ಅರ್ಥ ಮಾತ್ರ. ಮೊದಲನೆಯ ಅರ್ಥದಲ್ಲಿ ತಲೆತಲಾಂತರ ದುಡಿದವರನ್ನೇ ಎರಡನೆಯ ಅರ್ಥ ಹಿಡಿದು ಹಂಗಿಸುತ್ತಿದ್ದೇವಲ್ಲ ಎಂಬುದು ಯಾರಿಗೂ ಹೊಳೆದಂತಿಲ್ಲ.

ನಾನು ಅರ್ಥಶಾಸ್ತ್ರ ಓದಿದ್ದು ಬಿ.ಎ.ಯಲ್ಲಿ, ಅದೂ ಇತಿಹಾಸದ ಜೊತೆಗೆ ಒಂದು ವಿಷಯವಾಗಿ. ಆದರೆ ನನ್ನ ತವರು ಜಗಳೂರು ತಾಲ್ಲೂಕು, ಕೊಟ್ಟ ಮನೆ ನ್ಯಾಮತಿ, ಕೆಲಸ ಹೊನ್ನಾಳಿಯ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ, ಮಗಳನ್ನು ಕೊಟ್ಟದ್ದು ಚನ್ನಗಿರಿಗೆ. ಹಬ್ಬ, ಮದುವೆ, ಸಾವು, ಬಾಣಂತನ ಎಂದು ಈ ನಾಲ್ಕು ತಾಲ್ಲೂಕುಗಳನ್ನು ಮೂವತ್ತು ವರ್ಷ ಬಸ್ಸಿನಲ್ಲಿ ಸುತ್ತಿದವಳಿಗೆ ಸರ್ಕಾರದ ದುಡ್ಡು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂದು ಮಾತಾಡುವ ಅಧಿಕಾರ ಅಷ್ಟಿಷ್ಟು ಇದೆ ಎಂದುಕೊಂಡಿದ್ದೇನೆ.

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ. ಅದೇ ದಿನದಿಂದಲೇ ಕೇಂದ್ರ ಸರ್ಕಾರ ಅಡುಗೆ ಅನಿಲದ ಸಿಲಿಂಡರಿಗೆ 200 ರೂಪಾಯಿ ಇಳಿಸಿತು. ಅದನ್ನು ಮಾತ್ರ ಬಿಟ್ಟಿ ಎಂದು ಕರೆದವರನ್ನು ನಾನು ಕಾಣೆ. ಅದು ರಕ್ಷಾಬಂಧನದ ಉಡುಗೊರೆಯಂತೆ. ಅಣ್ಣ ಕೊಟ್ಟರೆ ಉಡುಗೊರೆ, ಮೈದುನ ಕೊಟ್ಟರೆ ಬಿಟ್ಟಿ!

ಈ ಜಗಳದ ಗಮ್ಮತ್ತು ಪೂರ್ತಿಯಾಗಿ ಕಾಣಿಸಿದ್ದು 2025ರ ಏಪ್ರಿಲ್ 7ರಂದು. ಅವತ್ತು ಬಿಜೆಪಿಯವರು ರಾಜ್ಯ ಸರ್ಕಾರದ ಬೆಲೆ ಏರಿಕೆ ಖಂಡಿಸಿ ಮೈಸೂರಿನಿಂದ ಜನಾಕ್ರೋಶ ಯಾತ್ರೆ ಹೊರಟರು. ಖಂಡಿಸಲಿಕ್ಕೆ ಕಾರಣ ಇರಲಿಲ್ಲವೆಂದಲ್ಲ. ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತ್ತು, ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಗಿತ್ತು, ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಹೋಗಿತ್ತು. ಆದರೆ ಯಾತ್ರೆ ಹೊರಟ ಅದೇ ದಿನವೇ ದೆಹಲಿಯಿಂದ ಪ್ರಕಟಣೆ ಬಂತು: ಸಿಲಿಂಡರಿಗೆ 50 ರೂಪಾಯಿ ಹೆಚ್ಚಳ, ಪೆಟ್ರೋಲ್ ಡೀಸೆಲ್ ಮೇಲಿನ ಅಬಕಾರಿ ಸುಂಕ ಲೀಟರಿಗೆ 2 ರೂಪಾಯಿ ಹೆಚ್ಚಳ. ಹತ್ತು ದಿನ ಕಳೆಯುವಷ್ಟರಲ್ಲಿ ಕಾಂಗ್ರೆಸ್ಸಿನವರು ಬೆಂಗಳೂರಿನಲ್ಲಿ ಕೇಂದ್ರದ ಬೆಲೆ ಏರಿಕೆಯ ವಿರುದ್ಧ ಪ್ರತಿಭಟನೆಗೆ ಇಳಿದರು. ಇಬ್ಬರೂ ಏರಿಸಿದವರೇ, ಇಬ್ಬರೂ ಬೀದಿಗಿಳಿದವರೇ. ಮನೆಯಲ್ಲಿ ಒಲೆ ಹಚ್ಚುವವಳು ಯಾವ ಮೆರವಣಿಗೆಗೆ ಹೋಗಬೇಕು ಹೇಳಿ?

ನಮ್ಮ ಸ್ಟಾಫ್ ರೂಮಿನಲ್ಲಿ ಈ ವಿಷಯ ಬಂದಾಗಲೆಲ್ಲ ಚಹಾ ಆರುತ್ತದೆ. ಗ್ಯಾರಂಟಿಗಳಿಂದ ರಾಜ್ಯ ದಿವಾಳಿ ಎನ್ನುವ ಪಕ್ಷ ದೊಡ್ಡದು. 2025-26ರ ಆಯವ್ಯಯ 4.09 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ 51 ಸಾವಿರ ಕೋಟಿ, ಅಂದರೆ ರೂಪಾಯಿಗೆ ಎರಡಾಣೆ. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ನಾನು ಆಗ ಇನ್ನೊಂದು ಅಂಕಿ ಇಟ್ಟೆ. 2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು (ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು) ಒಂದು ಸುಗ್ರೀವಾಜ್ಞೆಯ ಮೂಲಕ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದರು, ಹೊಸದಾಗಿ ಕಾರ್ಖಾನೆ ಹಾಕುವವರಿಗೆ ಶೇ 15ಕ್ಕೆ. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಕಡಿಮೆಯಾಗುತ್ತದೆಂದು ಅವತ್ತು ಹೇಳಿದವರು ಅವರೇ. ಬಿಟ್ಟಿ ಎಂದರೆ ಇದಲ್ಲವೇ ಎಂದೆ.

ನಮ್ಮ ಗಣಿತದ ಮೇಷ್ಟ್ರು ಸುಮ್ಮನೆ ಬಿಡುವವರಲ್ಲ. "ಮೇಡಂ, ಅದು ಇಡೀ ದೇಶದ್ದು, ಇದು ಒಂದು ರಾಜ್ಯದ್ದು. ಛೇದ ಬೇರೆ ಇರೋ ಭಿನ್ನರಾಶಿನ ಹಂಗೇ ಕೂಡಿಸೋದಾ?" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ದೇಶದ ಜನಸಂಖ್ಯೆಯಲ್ಲಿ ನಮ್ಮದು ಇಪ್ಪತ್ತರಲ್ಲಿ ಒಂದು ಪಾಲು. ತಲೆಲೆಕ್ಕ ಹಾಕಿದರೆ ಗ್ಯಾರಂಟಿಯ ಮೊತ್ತವೇ ದೊಡ್ಡದು. ಆದರೆ ನನ್ನ ತಕರಾರು ಗಾತ್ರದ ಮೇಲಲ್ಲ, ಹೆಸರಿನ ಮೇಲೆ. ಕಂಪನಿಗೆ ಬಿಟ್ಟುಕೊಟ್ಟದ್ದು 'ಉತ್ತೇಜನ', ತಾಂಡಾದ ಹೆಂಗಸಿಗೆ ಕೊಟ್ಟದ್ದು 'ಆಮಿಷ' ಏಕಾಯಿತು? ಉತ್ತೇಜನ ಕೊಟ್ಟರೆ ಬಂಡವಾಳ ಹರಿಯುತ್ತದೆ, ಉದ್ಯೋಗ ಬೆಳೆಯುತ್ತದೆ ಎಂದರು. 2023-24ರಲ್ಲಿ ಏನಾಯಿತೆಂದರೆ, ಕಂಪನಿಗಳೆಲ್ಲ ಸೇರಿ ಕಟ್ಟಿದ ತೆರಿಗೆಗಿಂತ ನಮ್ಮಂಥ ವ್ಯಕ್ತಿಗಳು ಕಟ್ಟಿದ ಆದಾಯ ತೆರಿಗೆಯೇ ಹೆಚ್ಚಾಯಿತು. ಇದನ್ನು ಕೇಳಿ ಕಾಂಗ್ರೆಸ್ಸಿನ ಅಭಿಮಾನಿಗಳು ಹಿಗ್ಗಬೇಕಾಗಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಹೊಸ ಕೈಗಾರಿಕಾ ನೀತಿ ಬಿಡುಗಡೆ ಮಾಡಿ ಕಂಪನಿಗಳಿಗೆ ಬಂಡವಾಳ ಸಹಾಯಧನ ಹಂಚಲು ನಿಂತವರು ಅವರೇ. ಅದಕ್ಕೆ ಅವರ ನಿಘಂಟಿನಲ್ಲೂ 'ಪ್ರೋತ್ಸಾಹ' ಎಂದೇ ಅರ್ಥ.

ಚನ್ನಗಿರಿಯ ಕಡೆ ಬನ್ನಿ. ಅಡಿಕೆ ತೋಟದ ಯಜಮಾನರು ಕಾರಿನಲ್ಲಿ ಕೂತು, ಫ್ರೀ ಬಸ್ಸಿನಿಂದ ಆಳು ಸಿಗುತ್ತಿಲ್ಲ, ಹೆಂಗಸರು ಧರ್ಮಸ್ಥಳಕ್ಕೆ ಹೋಗಿ ಕೂತರು ಎಂದು ಗೊಣಗುತ್ತಾರೆ. ಅವರ ಪಂಪ್‌ಸೆಟ್ಟು 10 ಅಶ್ವಶಕ್ತಿಯವರೆಗೆ ಓಡುವುದು ಉಚಿತ ವಿದ್ಯುತ್ತಿನಲ್ಲಿ. ಕ್ವಿಂಟಾಲ್ ಅಡಿಕೆಗೆ ಎಷ್ಟೇ ಬೆಲೆ ಬರಲಿ, ಕೃಷಿ ಆದಾಯವೆಂದು ಕೇಂದ್ರಕ್ಕೆ ಒಂದು ಪೈಸೆ ಆದಾಯ ತೆರಿಗೆ ಇಲ್ಲ. ಬೇಡವೆಂದು ನಾನು ಹೇಳುತ್ತಿಲ್ಲ, ಕೊಳೆರೋಗ ಬಂದ ವರ್ಷ ಅವರ ಕಣ್ಣೀರನ್ನೂ ನೋಡಿದ್ದೇನೆ. ಆದರೆ ಬಿಟ್ಟಿ ಎಂಬ ಮಾತನ್ನು ಆಡುವ ಮುಂಚೆ ಒಮ್ಮೆ ಮೋಟಾರಿನ ಕಡೆ ತಿರುಗಿ ನೋಡಬಹುದಿತ್ತು. ಇನ್ನು ನಮ್ಮ ಸ್ಟಾಫ್ ರೂಮು. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗ ಜಾರಿಯಾಗಿ ಮೂಲ ವೇತನ ಮತ್ತು ಪಿಂಚಣಿಯಲ್ಲಿ ಶೇ 27.5ರಷ್ಟು ಏರಿಕೆ ಸಿಕ್ಕಿತು. ಸರ್ಕಾರಕ್ಕೆ ವರ್ಷಕ್ಕೆ 20 ಸಾವಿರ ಕೋಟಿಗೂ ಮಿಕ್ಕಿದ ಹೊರೆ. ಅವತ್ತು ರಾಜ್ಯ ದಿವಾಳಿ ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ, ಪೇಡ ಹಂಚಿದರು. ನಾನೂ ತಿಂದೆ, ಚೆನ್ನಾಗಿತ್ತು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ, ಇಷ್ಟು ಹೊತ್ತು ಸುತ್ತಿಸಿದ್ದಕ್ಕೆ ಓದುಗರು ಕ್ಷಮಿಸಬೇಕು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಹೆಂಗಸು ಇದ್ದಾರೆ. ಗೌರವಧನ ತಿಂಗಳಿಗೆ ಐದು ಸಾವಿರಕ್ಕೂ ಕಡಿಮೆ. ಗಂಡನಿಗೆ ಸಕ್ಕರೆ ಕಾಯಿಲೆ, ಈಕೆಗೆ ರಕ್ತದೊತ್ತಡ. ಗೃಹಲಕ್ಷ್ಮಿ ದುಡ್ಡು ಬಂದರೆ (ಬಂದರೆ ಎಂದೇ ಹೇಳಬೇಕು, ಎರಡು ಮೂರು ತಿಂಗಳು ತಡೆದು ಬರುವುದು ಮಾಮೂಲಾಗಿದೆ) ಅರ್ಧಕ್ಕಿಂತ ಹೆಚ್ಚು ನೇರ ಮೆಡಿಕಲ್ ಶಾಪಿಗೆ. ಒಂದು ದಿನ ಆಕೆ ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದ ಮಾತು ಇದು: "ಎಲ್ಡು ಸಾವ್ರ ಬಂದಿದ್ದು ಊರಿಗೆಲ್ಲ ಕಾಣ್ತೈತಿ ಮೇಡಮ್ಮೋರೆ, ಗುಳಿಗಿ ರೊಕ್ಕ ಯಾರಿಗೂ ಕಾಣಂಗಿಲ್ಲ. ಅದಕ್ಕೆ ನಾನು ದಿನ ಬಿಟ್ಟು ದಿನ ನುಂಗ್ತೀನಿ."

ದಿನ ಬಿಟ್ಟು ದಿನ ನುಂಗುವುದು ಏನೆಂದು ನನಗೆ ಗೊತ್ತು. ಜಗಳೂರಿನ ಕಡೆ ನಮ್ಮ ದೊಡ್ಡಪ್ಪನ ಮಗ ಹಾಗೆಯೇ ಉಳಿತಾಯ ಮಾಡುತ್ತಿದ್ದ. ನಲವತ್ತೆಂಟನೇ ವಯಸ್ಸಿಗೆ ಲಕ್ವ ಹೊಡೆದು ಮೆಕ್ಕೆಜೋಳದ ಹೊಲದಲ್ಲೇ ಬಿದ್ದ. ಈಗ ಹೆಂಡತಿ ಊಟ ಮಾಡಿಸುತ್ತಾಳೆ. ಅವನು ಉಳಿಸಿದ್ದು ಎಷ್ಟು, ಕಳೆದದ್ದು ಎಷ್ಟು ಎಂದು ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ.

ಗುಳಿಗೆಯ ಬೆಲೆ ಹೇಗೆ ಏರುತ್ತದೆಂದು ನಾನು ಪತ್ರಿಕೆ, ಸರ್ಕಾರಿ ಆದೇಶ ಓದಿ ತಿಳಿದುಕೊಂಡೆ. 1995ರ ಆದೇಶದಲ್ಲಿ ಪಟ್ಟಿಯಲ್ಲಿರುವ ಔಷಧದ ಬೆಲೆಯನ್ನು ತಯಾರಿಕೆಯ ಖರ್ಚಿನ ಮೇಲೆ ಕಟ್ಟುತ್ತಿದ್ದರು. 2013ರಲ್ಲಿ, ಅಂದರೆ ಮನಮೋಹನ್ ಸಿಂಗ್ ಅವರ ಕಾಲದಲ್ಲಿ, ಅದನ್ನು ಬಿಟ್ಟು ಮಾರುಕಟ್ಟೆಯ ಸರಾಸರಿ ಹಿಡಿದರು. ಮಾರಾಟದಲ್ಲಿ ಶೇ 1 ಅಥವಾ ಹೆಚ್ಚು ಪಾಲಿರುವ ಬ್ರಾಂಡುಗಳ ಬೆಲೆಯನ್ನೆಲ್ಲ ಕೂಡಿಸಿ ಭಾಗಿಸಿ, ಅಂಗಡಿಯವನ ಲಾಭ ಶೇ 16 ಸೇರಿಸಿದರೆ ಗರಿಷ್ಠ ಬೆಲೆ. ಹೊನ್ನಾಳಿ ಸಂತೆಯಲ್ಲಿ ಬದನೆಕಾಯಿ ಮಾರುವವರೆಲ್ಲ ಕೂಗಿದ ರೇಟನ್ನು ಕೂಡಿಸಿ ಭಾಗಿಸಿ 'ಇದೇ ನ್ಯಾಯದ ಬೆಲೆ' ಎಂದಂತೆ. ಬೆಳೆದವನ ಖರ್ಚೆಷ್ಟು ಎಂದು ಕೇಳುವವರೇ ಇಲ್ಲ. ಇಷ್ಟಕ್ಕೂ ಆ ಗರಿಷ್ಠ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಹಿಂದಿನ ವರ್ಷದ ಸಗಟು ಬೆಲೆ ಸೂಚ್ಯಂಕ ಎಷ್ಟು ಏರಿತೋ ಅಷ್ಟನ್ನು ಪ್ರತಿ ಏಪ್ರಿಲ್‌ನಲ್ಲಿ ಕಂಪನಿಗಳು ಏರಿಸಿಕೊಳ್ಳಬಹುದು. 2022ರಲ್ಲಿ ಶೇ 10.77, 2023ರಲ್ಲಿ ಶೇ 12.12. ಪಟ್ಟಿಯಲ್ಲಿಲ್ಲದ ಔಷಧಗಳಿಗಾದರೆ ಸೂಚ್ಯಂಕದ ಹಂಗೂ ಇಲ್ಲ, ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಇದೂ ಸಾಲದೆಂದು 2024ರ ಅಕ್ಟೋಬರಿನಲ್ಲಿ ಎಂಟು ಹಳೆಯ ಔಷಧಗಳ ಗರಿಷ್ಠ ಬೆಲೆಯನ್ನು ಒಮ್ಮೆಗೇ ಶೇ 50ರಷ್ಟು ಏರಿಸಲು ಒಪ್ಪಿಗೆ ಕೊಟ್ಟರು. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅದರಲ್ಲೊಂದು, ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೋಮೈಸಿನ್ ಇನ್ನೊಂದು.

ಕಚ್ಚಾವಸ್ತು ಚೀನಾದಿಂದ ಬರುತ್ತದೆ, ಅದರ ಬೆಲೆ ಏರಿದೆ, ಏರಿಸದಿದ್ದರೆ ತಯಾರಿಕೆಯನ್ನೇ ನಿಲ್ಲಿಸುತ್ತಾರೆ, ಆಮೇಲೆ ಔಷಧವೇ ಸಿಗುವುದಿಲ್ಲ ಎಂಬುದು ಅವರ ವಾದ. ಇರಬಹುದು. ಆದರೆ ಹಾಗಾದರೆ 2019ರಲ್ಲಿ ತೆರಿಗೆ ಇಳಿದಾಗ ಆ ಉಳಿತಾಯದ ಒಂದು ಕಾಸಾದರೂ ಗುಳಿಗೆಯ ಹಾಳೆಯ ಮೇಲೆ ಕಾಣಿಸಬೇಕಿತ್ತು. ಖರ್ಚು ಏರಿದರೆ ನಮ್ಮ ತಲೆಗೆ, ತೆರಿಗೆ ಇಳಿದರೆ ಅವರ ಜೇಬಿಗೆ ಎನ್ನುವುದು ಯಾವ ಶಾಸ್ತ್ರ?

ಸೂಚ್ಯಂಕ ಎಂಬ ಮಾತನ್ನು ಗಮನಿಸಿ. ನನಗೆ ತುಟ್ಟಿಭತ್ಯೆ ಸಿಗುವುದೂ ಸೂಚ್ಯಂಕದ ಲೆಕ್ಕದಲ್ಲೇ. ಬೆಲೆ ಏರಿದಂತೆ ನನ್ನ ಸಂಬಳ ಏರುತ್ತದೆ. ಔಷಧ ಕಂಪನಿಗೂ ಕಾನೂನಿನ ಪ್ರಕಾರವೇ ತುಟ್ಟಿಭತ್ಯೆ ಉಂಟು, ವರ್ಷಕ್ಕೊಮ್ಮೆ, ಅರ್ಜಿ ಹಾಕುವ ಗೊಡವೆಯೂ ಇಲ್ಲದೆ. ಬಿಸಿಯೂಟದ ಹೆಂಗಸಿನ ಗೌರವಧನಕ್ಕೆ ಇಲ್ಲ. ಅದು ಏರಬೇಕಾದರೆ ಅವರು ಬಿಸಿಲಲ್ಲಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರಬೇಕು. ಗೃಹಲಕ್ಷ್ಮಿಯ 2000ಕ್ಕೂ ಇಲ್ಲ. 2023ರ ಆಗಸ್ಟಿನ 2000 ಇವತ್ತೂ 2000. ಅದನ್ನು ಕೊಟ್ಟವರೇ ಹಾಲು, ಡೀಸೆಲ್ಲು, ಗಂಡನ ಬಸ್ ಟಿಕೆಟ್ಟಿನ ಮೂಲಕ ಒಂದಿಷ್ಟನ್ನು ವಾಪಸು ಪಡೆಯುತ್ತಾರೆ. ಉಳಿದದ್ದನ್ನು ದೆಹಲಿಯ ಸಿಲಿಂಡರು, ಗುಳಿಗೆ ನೋಡಿಕೊಳ್ಳುತ್ತವೆ. ಬೆಲೆ ಏರಿಕೆ ಎಂಬ ಒಂದೇ ಮಳೆಗೆ ಕೆಲವರಿಗೆ ಛತ್ರಿ ಕೊಟ್ಟು, ಕೆಲವರನ್ನು ಒದ್ದೆಯಾಗಲು ಬಿಟ್ಟು, ಒದ್ದೆಯಾದವರಿಗೆ ಕೊಟ್ಟ ಒಂದು ಟವೆಲ್ಲಿನ ಬಗ್ಗೆ ಎರಡು ವರ್ಷ ಚರ್ಚೆ ಮಾಡಿದ್ದೇವೆ.

ಶಕ್ತಿ ಯೋಜನೆಯ ಬಗ್ಗೆಯೂ ಒಂದು ಮಾತು, ಬೆಂಗಳೂರಿನವರಿಗೆ ಇದು ತಿಳಿಯದು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಹಳ್ಳಿ ಮುಟ್ಟುವ ಬಸ್ಸುಗಳಲ್ಲಿ ಖಾಸಗಿಯವೇ ಬಹಳ. ಕೆಂಪು ಬಸ್ಸು ಬಾರದ ಊರಿನ ಹೆಂಗಸಿಗೆ ಉಚಿತ ಪ್ರಯಾಣವೆಂಬುದು ಪೇಪರಿನಲ್ಲಿ ಬರುವ ಚಿತ್ರ. ಬಿಟ್ಟಿ ತಿಂದಳೆಂಬ ಬೈಗುಳ ಮಾತ್ರ ಅವಳಿಗೂ ಸಮಪಾಲು. ಜಗಳೂರಿಗೆ ಇನ್ನೊಂದು ಚಿತ್ರವೂ ಇದೆ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಎಂದು ಓದಿದರು. ನಮ್ಮ ತವರಿನಲ್ಲಿ ಪಟಾಕಿ ಹೊಡೆದರು. ಆಮೇಲೆ ಒಂದರ ಹಿಂದೊಂದು ಬಜೆಟ್ ಬಂತು, ದುಡ್ಡು ಬರಲಿಲ್ಲ. ಕೇಂದ್ರ ಕೊಡಲಿಲ್ಲ ಎಂದು ಇವರು, ರಾಜ್ಯ ಸರಿಯಾಗಿ ಕೇಳಲಿಲ್ಲ ಎಂದು ಅವರು. ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ.

ಔಷಧಕ್ಕೇ ಮರಳೋಣ, ಏಕೆಂದರೆ ಎರಡೂ ಪಕ್ಷಗಳ ಬಣ್ಣ ಬಯಲಾಗುವುದು ಅಲ್ಲೇ. ಕಡಿಮೆ ಬೆಲೆಯ ಜನೌಷಧಿ ಅಂಗಡಿ ಶುರುವಾದದ್ದು 2008ರಲ್ಲಿ, ಕಾಂಗ್ರೆಸ್ಸಿನ ಕಾಲದಲ್ಲಿ. ಆಗ ಅದಕ್ಕೆ ಜೀವವಿರಲಿಲ್ಲ. ಮೋದಿಯವರ ಸರ್ಕಾರ ಅದರ ಮುಂದೆ ಪ್ರಧಾನಮಂತ್ರಿಯ ಹೆಸರು ಸೇರಿಸಿ, ಊರೂರಿಗೆ ಹಬ್ಬಿಸಿತು. ಹಬ್ಬಿಸಿದ್ದು ಒಳ್ಳೆಯದೇ, ಬ್ರಾಂಡಿನ ಔಷಧಕ್ಕಿಂತ ಅರ್ಧ, ಕಾಲು ಬೆಲೆಗೆ ಗುಳಿಗೆ ಸಿಗುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಿ ಎಂದು ಆದೇಶ ಹೊರಡಿಸಿತು. ಕಾರಣ ಕೇಳಿದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧವೆಲ್ಲ ಉಚಿತ, ಅಲ್ಲಿ ಮಾರುವ ಅಂಗಡಿ ಏಕೆ ಎಂದರು. ತತ್ತ್ವ ಬಹಳ ಚೆನ್ನಾಗಿದೆ, ನನ್ನ ಮತವೂ ಅದೇ. ಆದರೆ ನಾನು ಕಂಡ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯಲ್ಲಿ ಸಿಗುವುದು ಮೂರು ಗುಳಿಗೆಯಲ್ಲಿ ಒಂದು, ಉಳಿದ ಎರಡಕ್ಕೆ ಚೀಟಿ. 'ಹೊರಗೆ ತಗೊಳ್ಳಿ.' ಒಳಗೆ ಉಚಿತ ಔಷಧ ತುಂಬಿಟ್ಟು ಆಮೇಲೆ ಅಂಗಡಿ ಮುಚ್ಚಿಸಿದ್ದರೆ ನಾನೇ ಹೂಮಾಲೆ ಹಿಡಿದು ಹೋಗುತ್ತಿದ್ದೆ. ಬಾವಿ ತೋಡುವ ಮುಂಚೆ ನಲ್ಲಿ ಕಿತ್ತರು. ಕಿತ್ತದ್ದು ನಲ್ಲಿಗಿಂತ ಹೆಚ್ಚಾಗಿ ಅದರ ಮೇಲಿನ ಫೋಟೋ ಇರಬೇಕೆಂದು ನನ್ನ ಅನುಮಾನ. ಬಿಜೆಪಿಯವರು ಗದ್ದಲವೆಬ್ಬಿಸಿದರು, ವಿಷಯ ಹೈಕೋರ್ಟಿಗೆ ಹೋಗಿ ಅದೇ ಜುಲೈನಲ್ಲಿ ತಡೆಯಾಜ್ಞೆ ಬಂತು. ಗದ್ದಲವೆಬ್ಬಿಸಿದವರಾದರೂ, ಔಷಧದ ಮೇಲೆ ಶೇ 12ರ ಜಿಎಸ್‌ಟಿಯನ್ನು 2017ರಿಂದ ಎಂಟು ವರ್ಷ ವಸೂಲಿ ಮಾಡಿ, 2025ರ ಸೆಪ್ಟೆಂಬರ್ 22ರಂದು ಶೇ 5ಕ್ಕೆ ಇಳಿಸಿ 'ಉಳಿತಾಯದ ಉತ್ಸವ' ಎಂದರು. ಎಂಟು ವರ್ಷ ಯಾರ ಉತ್ಸವವಾಗಿತ್ತೋ! ಆ ಜಿಎಸ್‌ಟಿ ಮಂಡಳಿಯಲ್ಲಿ ಎಲ್ಲ ರಾಜ್ಯಗಳ ಮಂತ್ರಿಗಳೂ ಕೂತಿರುತ್ತಾರೆಂಬುದನ್ನು ಕಾಂಗ್ರೆಸ್ಸಿನವರು ಹೇಳುವುದಿಲ್ಲ.

ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಬಾಣಂತಿಯರು ತೀರಿಕೊಂಡಾಗ ಸಂಶಯ ಬಿದ್ದದ್ದು ಆಸ್ಪತ್ರೆಯಲ್ಲಿ ಏರಿಸಿದ ಡ್ರಿಪ್ಪಿನ ಮೇಲೆ. ರಾಜ್ಯದ ನಿಗಮ ಕೊಂಡದ್ದು ಎಂದರು ಅವರು. ಕೇಂದ್ರದ ಪ್ರಯೋಗಾಲಯ ಸರಿಯಿದೆಯೆಂದು ಹೇಳಿತ್ತು ಎಂದರು ಇವರು. ಹಸುಗೂಸುಗಳ ಮುಂದೆ ನಿಂತು ಈ ಮಾತಾಡಲು ಬಾಯಾದರೂ ಹೇಗೆ ಬಂತು? 2024ರ ಮಾರ್ಚ್‌ನಲ್ಲಿ ಚುನಾವಣಾ ಬಾಂಡಿನ ಪಟ್ಟಿ ಹೊರಬಿತ್ತಲ್ಲ, ಅದರಲ್ಲಿ ಔಷಧ ಕಂಪನಿಗಳ ಹೆಸರೂ ಇದ್ದವು. ಕೊಟ್ಟದ್ದು ಒಂದೇ ಪಕ್ಷಕ್ಕಲ್ಲ. ವಿಧಾನಸಭೆಯಲ್ಲಿ ಗ್ಯಾರಂಟಿಯ ಬಗ್ಗೆ ಗಂಟಲು ಹರಿಯುವಂತೆ ಕೂಗುವವರು ಗುಳಿಗೆಯ ಗರಿಷ್ಠ ಬೆಲೆಯ ಬಗ್ಗೆ ಮೆತ್ತಗಾಗುವುದು ಏಕೆಂದು ನನ್ನ ಹತ್ತನೇ ತರಗತಿಯ ಮಕ್ಕಳೂ ಊಹಿಸಬಲ್ಲರು.

ಇದು ಆಗದ ಕೆಲಸವೂ ಅಲ್ಲ. ಪಕ್ಕದ ತಮಿಳುನಾಡಿನಲ್ಲಿ 1994ರಲ್ಲೇ ಔಷಧ ಕೊಳ್ಳುವುದಕ್ಕೆಂದು ಒಂದು ನಿಗಮ ಕಟ್ಟಿದರು. ರಾಜ್ಯಕ್ಕೆಲ್ಲ ಒಟ್ಟಿಗೆ ಟೆಂಡರು, ಜಿಲ್ಲೆಗೆ ಉಗ್ರಾಣ, ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ಕು. ಅಲ್ಲಿ ಡಿಎಂಕೆ ಹೋಗಿ ಅಣ್ಣಾ ಡಿಎಂಕೆ ಬಂದರೂ, ಅದು ಹೋಗಿ ಇದು ಬಂದರೂ, ಪರಸ್ಪರ ಜೈಲಿಗೆ ಹಾಕಿದರೂ, ಆ ನಿಗಮಕ್ಕೆ ಮಾತ್ರ ಕೈ ಹಚ್ಚಲಿಲ್ಲ. ರಾಜಸ್ಥಾನದಲ್ಲಿ 2011ರ ಗಾಂಧಿ ಜಯಂತಿಯಂದು ಉಚಿತ ಔಷಧ ಆರಂಭಿಸಿದರು. ನಮ್ಮಲ್ಲೂ ವೈದ್ಯಕೀಯ ಸರಬರಾಜು ನಿಗಮ ಇದೆ, ಉಗ್ರಾಣಗಳಿವೆ. ಮನೆಮನೆಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯೂ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ಕಾಯಿಲೆ ಇದೆಯೆಂದು ಮನೆಗೆ ಬಂದು ಹೇಳಿ, ಗುಳಿಗೆಯನ್ನು ಮಾತ್ರ ಹೊರಗೆ ತಗೊಳ್ಳಿ ಎಂದರೆ ಆಯಿತೇ?

ಗ್ಯಾರಂಟಿ ನಿಲ್ಲಿಸಿ ಔಷಧ ಕೊಡಿ ಎಂದು ನಾನು ಕೇಳುತ್ತಿಲ್ಲ, ಹಾಗೆ ಓದಿಕೊಳ್ಳುವವರು ಇದ್ದಾರೆಂದು ಮೊದಲೇ ಹೇಳುತ್ತಿದ್ದೇನೆ. ಆ 2000 ಹೆಂಗಸರ ಕೈಗೆ ಬಂದದ್ದು ನಮ್ಮ ಕಡೆ ನಾನು ಕಂಡ ದೊಡ್ಡ ಬದಲಾವಣೆ. ಅತ್ತೆಯ ಮುಂದೆ ಸೊಸೆ, ಗಂಡನ ಮುಂದೆ ಹೆಂಡತಿ ಸ್ವಲ್ಪ ನೆಟ್ಟಗೆ ನಿಂತದ್ದನ್ನು ನೋಡಿದ್ದೇನೆ. ನಾನು ಕೇಳುವುದು ಇಷ್ಟು: ನನಗೂ ಕಂಪನಿಗೂ ಸೂಚ್ಯಂಕ ಇರುವಂತೆ ಆ 2000ಕ್ಕೂ, ಬಿಸಿಯೂಟದ ಗೌರವಧನಕ್ಕೂ ಸೂಚ್ಯಂಕ ಕಟ್ಟಿ. ಬಿಪಿ, ಶುಗರ್, ಉಬ್ಬಸ, ಫಿಟ್ಸ್ ಈ ನಾಲ್ಕರ ಗುಳಿಗೆ ತಿಂಗಳ ಮೂವತ್ತೂ ದಿನಕ್ಕೆ ಆಗುವಷ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಲಿ, ಸಿಗುವ ತನಕ ಯಾರ ಫೋಟೋ ಇರುವ ಅಂಗಡಿಯನ್ನೂ ಮುಚ್ಚಬೇಡಿ. ಯಾವ ಔಷಧ ಇದೆ, ಯಾವುದು ಇಲ್ಲ ಎಂದು ದಿನಾ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಬೋರ್ಡ್ ಬರೆಯಲಿ. ನಮ್ಮ ಶಾಲೆಯಲ್ಲಿ ಹಾಜರಾತಿಯನ್ನು ಹಾಗೆ ಬರೆಯುತ್ತೇವೆ, ಒಂದು ಸುದ್ದಿಮುದ್ದೆ ಸೀಮೆಸುಣ್ಣ ಸಾಕು.

ನಮ್ಮ ಸ್ವಸಹಾಯ ಸಂಘದ ಹೆಂಗಸರು ಈಗ ಒಂದು ಕೆಲಸ ಹಿಡಿದಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ 'ಹೊರಗೆ ತಗೊಳ್ಳಿ' ಎಂದು ಬರೆದುಕೊಟ್ಟ ಚೀಟಿ ಮತ್ತು ಮೆಡಿಕಲ್ ಶಾಪಿನ ಬಿಲ್ಲು, ಎರಡನ್ನೂ ಜೋಡಿಸಿ ಇಡುವುದು. ಮೂರು ತಿಂಗಳದ್ದು ಕೂಡಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪ್ರತಿ, ಶಾಸಕರಿಗೆ ಒಂದು, ಸೋತವರಿಗೂ ಒಂದು. ಇದುವರೆಗೆ ನಲವತ್ಮೂರು ಬಂದಿವೆ. ಇದನ್ನು ಓದಿದವರ ಮನೆಯಲ್ಲೂ ಅಂಥ ಚೀಟಿ ಇದ್ದರೆ, ಹಿಂಬದಿಯಲ್ಲಿ ಊರಿನ ಹೆಸರು, ತಾರೀಕು ಬರೆದು ಎತ್ತಿಡಿ, ನಿಮ್ಮೂರಿನ ಸಂಘದವರೂ ಕೂಡಿಸಲಿ. ನಮ್ಮಲ್ಲಿಗೆ ತಂದುಕೊಟ್ಟರೆ ಜೆರಾಕ್ಸಿನ ದುಡ್ಡು ನಾವೇ ಹಾಕುತ್ತೇವೆ.